ಗೋಡೆ ಬೆಣ್ಣೆಯದಾದರೂ: ಶಾಟೊ ಗಯ್ಯಾರ್ ಕೋಟೆ ಬಿದ್ದದ್ದು ಹೇಗೆ

1204ರ ಮಾರ್ಚ್ 6. ಫ್ರಾನ್ಸಿನ ಉತ್ತರದಲ್ಲಿ, ಸೇನ್ ನದಿಯ ಪಕ್ಕದ ಸುಣ್ಣಕಲ್ಲಿನ ಗುಡ್ಡದ ಮೇಲೆ, ಸುಮಾರು 150 ಜನ ಒಂದು ಕೋಟೆಯ ದಿಡ್ಡಿ ಬಾಗಿಲಿನಿಂದ ಜಾರಿಕೊಳ್ಳಲು ನೋಡಿ ಸಿಕ್ಕಿಬಿದ್ದರು. ಅವರ ಬೆನ್ನ ಹಿಂದೆ ಕೋಟೆಯ ಅತಿ ಗಟ್ಟಿಯಾದ ಕಟ್ಟಡ, ಮುಖ್ಯ ಗೋಪುರ, ಇನ್ನೂ ನಿಂತೇ ಇತ್ತು. ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕಾದಾಡುವ ಗೋಜಿಗೆ ಅವರು ಹೋಗಲಿಲ್ಲ.

ಆ ಕೋಟೆಯ ಹೆಸರು ಶಾಟೊ ಗಯ್ಯಾರ್. ಗಟ್ಟಿಮುಟ್ಟಾದ, ಸ್ವಲ್ಪ ಸೊಕ್ಕಿನ ಕೋಟೆ ಅಂತ ಅರ್ಥ. ಕಟ್ಟಿ ಮುಗಿಸಿ ಆರು ವರ್ಷವೂ ತುಂಬಿರಲಿಲ್ಲ. ಆ ಕಾಲದ ಯುರೋಪಿನಲ್ಲಿ ಕೋಟೆ ಕಟ್ಟುವ ವಿದ್ಯೆಯಲ್ಲಿ ಇದಕ್ಕಿಂತ ಮುಂದೆ ಹೋದ ಕೋಟೆ ಸಿಗುವುದು ಕಷ್ಟ. ಹಾಗಿದ್ದೂ ಬಿತ್ತು. ಇಲ್ಲಿ ನೋಡಬೇಕಾದ್ದು ಅದನ್ನೇ: ಗೋಡೆ ಸೋತಿತೋ, ಗೋಡೆಯನ್ನು ನಂಬಿದವರು ಸೋತರೋ?

ಕಟ್ಟಬಾರದು ಅಂತ ಸಹಿ ಹಾಕಿದ ಜಾಗ

ಇಂಗ್ಲೆಂಡಿನ ರಾಜ ರಿಚರ್ಡ್, 'ಸಿಂಹಹೃದಯಿ' ಅಂತ ಹೆಸರಾದವನು, ಉತ್ತರ ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಡ್ಯೂಕ್, ಅಂದರೆ ಒಡೆಯ, ಕೂಡ ಆಗಿದ್ದ. ಜೆರುಸಲೇಮಿಗಾಗಿ ಕ್ರೈಸ್ತರು ನಡೆಸಿದ ಮೂರನೇ ಧರ್ಮಯುದ್ಧ (ಕ್ರುಸೇಡ್) ಮುಗಿಸಿ ಊರಿಗೆ ಮರಳುವಾಗ ಆಸ್ಟ್ರಿಯಾದಲ್ಲಿ ಸಿಕ್ಕಿಬಿದ್ದ. ಅಲ್ಲಿಂದ ಜರ್ಮನಿಯ ಚಕ್ರವರ್ತಿಯ ಕೈಗೆ ಹೋದ. ದೊಡ್ಡ ಮೊತ್ತದ ಒತ್ತೆಹಣ ತೆತ್ತು 1194ರಲ್ಲಿ ಬಿಡುಗಡೆಯಾದ. ಅವನು ಸೆರೆಯಲ್ಲಿದ್ದಾಗ ಫ್ರಾನ್ಸಿನ ರಾಜ ಫಿಲಿಪ್ ಸುಮ್ನೆ ಕೂತಿರಲಿಲ್ಲ. ನಾರ್ಮಂಡಿಯ ಗಡಿಯಲ್ಲಿದ್ದ ಗಿಜೋರ್ ಕೋಟೆಯನ್ನು ನುಂಗಿ ಹಾಕಿದ. ಗಿಜೋರ್ ಹೋದರೆ ಸೇನ್ ಕಣಿವೆಯ ದಾರಿ ತೆರೆದ ಹಾಗೆ. ಆ ದಾರಿ ನೇರ ಹೋಗಿ ಮುಟ್ಟುವುದು ನಾರ್ಮಂಡಿಯ ರಾಜಧಾನಿ ರುವಾಂಗೆ.

ಈ ಬಾಗಿಲನ್ನು ಮುಚ್ಚಲು ರಿಚರ್ಡ್ ಆರಿಸಿಕೊಂಡ ಜಾಗ ಆಂದ್ಲಿ. ಇವತ್ತು ಲೆಜಾಂದ್ಲಿ ಅನ್ನುವ ಊರು. ಸೇನ್ ನದಿ ಅಲ್ಲಿ ದೊಡ್ಡದಾಗಿ ಬಾಗುತ್ತದೆ. ಬಾಗಿನ ತುದಿಯಲ್ಲಿ ನದಿಯಿಂದ ಸುಮಾರು ನೂರು ಮೀಟರ್ ಎತ್ತರಕ್ಕೆ ಕಡಿದಾದ ಗುಡ್ಡ. ಎರಡು ತೊಡಕು ಇದ್ದವು. 1196ರ ಜನವರಿಯಲ್ಲಿ ಫಿಲಿಪ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಆಂದ್ಲಿಯಲ್ಲಿ ಕೋಟೆ ಕಟ್ಟಬಾರದು ಅಂತ ಬರೆದಿತ್ತು. ಅದಕ್ಕೆ ರಿಚರ್ಡ್ ಒಪ್ಪಿದ್ದ. ಎರಡನೆಯದು, ಆ ಜಾಗ ಅವನದ್ದೇ ಅಲ್ಲ. ರುವಾಂನ ಆರ್ಚ್‌ಬಿಷಪ್ ವಾಲ್ಟರ್ ಡ ಕುಟಾನ್ಸ್‌ನದ್ದು.

ಈ ವಾಲ್ಟರ್ ಯಾರು ಗೊತ್ತಾ? ಒತ್ತೆಹಣದ ಬಾಕಿ ತೀರುವ ತನಕ ರಿಚರ್ಡ್ ಪರವಾಗಿ ಜರ್ಮನಿಯಲ್ಲಿ ಒತ್ತೆಯಾಳಾಗಿ ಕೂತವನು. ಅಂಥವನ ಜಮೀನನ್ನೇ ರಿಚರ್ಡ್ ಕೇಳದೆ ಹಿಡಿದುಕೊಂಡ. ವಾಲ್ಟರ್ ನಾರ್ಮಂಡಿಯ ಚರ್ಚುಗಳಲ್ಲಿ ಎಲ್ಲ ಕಾರ್ಯ ನಿಲ್ಲಿಸಿ, ದೂರು ಹೊತ್ತು ರೋಮ್‌ಗೆ ಹೊರಟ. ಹೂಳುವವರಿಲ್ಲದೆ ಹೆಣಗಳು ಬೀದಿಯಲ್ಲಿ ಬಿದ್ದಿದ್ದವು ಅಂತ ಆ ಕಾಲದ ಬರಹಗಾರನೊಬ್ಬ ಬರೆದಿದ್ದಾನೆ. ರಿಚರ್ಡ್ ಕೆಲಸ ನಿಲ್ಲಿಸಲಿಲ್ಲ. ಕೊನೆಗೆ ಪೋಪ್ ಮೂರನೇ ಸೆಲೆಸ್ಟಿನ್ ನಡುವೆ ಬಂದು ರಾಜಿ ಮಾಡಿಸಿದ. 1197ರಲ್ಲಿ ಆಂದ್ಲಿಗೆ ಬದಲಾಗಿ ದಿಯೆಪ್ ಬಂದರೂ ಸೇರಿದಂತೆ ಒಳ್ಳೆಯ ಆಸ್ತಿಗಳು ಆರ್ಚ್‌ಬಿಷಪ್‌ಗೆ ಸಿಕ್ಕವು. ವ್ಯಾಪಾರದ ಲೆಕ್ಕದಲ್ಲಿ ವಾಲ್ಟರ್‌ಗೆ ನಷ್ಟವೇನೂ ಆಗಲಿಲ್ಲ.

ಎರಡು ವರ್ಷದ ಕೆಲಸ

ಇಷ್ಟು ದೊಡ್ಡ ಕೋಟೆ ಏಳಲು ಹತ್ತು ವರ್ಷ ಹಿಡಿದರೂ ಆಶ್ಚರ್ಯವಿರಲಿಲ್ಲ. ಇದು ಎರಡು ವರ್ಷದಲ್ಲಿ ಎದ್ದಿತು. 1196ರಿಂದ 1198ರ ತನಕ ಸುಮಾರು 12,000 ಪೌಂಡ್ ಸುರಿದರು. ಇಂಗ್ಲೆಂಡಿನ ಡೋವರ್ ಕೋಟೆಗೆ 1179ರಿಂದ 1191ರವರೆಗೆ ಆದ ಖರ್ಚು 7,000 ಪೌಂಡ್. ಅಂದರೆ ಡೋವರ್‌ಗಿಂತ ಜಾಸ್ತಿ ದುಡ್ಡು, ಆರನೇ ಒಂದು ಭಾಗದಷ್ಟು ಸಮಯದಲ್ಲಿ.

ಲೆಕ್ಕದ ಸುರುಳಿಗಳು ಇವತ್ತಿಗೂ ಉಳಿದಿವೆ. ಅವುಗಳಲ್ಲಿ ಕಲ್ಲುಗಣಿಯವರು, ಕಲ್ಲುಕುಟಿಗರು, ಸುಣ್ಣ ಸುಡುವವರು, ಬಡಗಿಗಳು, ಕಮ್ಮಾರರು, ಬಂಡೆ ಕೊರೆಯುವವರು, ಗಾಡಿಯವರು, ನೀರು ಹೊರುವವರು, ಕಾವಲು ಕಾಯುವವರು ಎಲ್ಲರ ಕೂಲಿಯೂ ಇದೆ. ಒಬ್ಬ ಮುಖ್ಯ ಮೇಸ್ತ್ರಿಯ ಹೆಸರು ಮಾತ್ರ ಇಲ್ಲ. ಹಾಗಾಗಿ ನಕ್ಷೆ ರಿಚರ್ಡ್‌ನದ್ದೇ ಇರಬೇಕು ಅಂತ ತುಂಬಾ ಜನ ನಂಬುತ್ತಾರೆ. ಕೆಲಸ ನಡೆಯುವಾಗ ಅವನು ಅಲ್ಲೇ ಠಿಕಾಣಿ ಹೂಡಿದ್ದಂತೂ ಹೌದು. 1198ರ ಮೇ ತಿಂಗಳಲ್ಲಿ ಕೆಲಸಗಾರರ ಮೇಲೆ ರಕ್ತದ ಮಳೆ ಸುರಿಯಿತು, ಜೊತೆಗಿದ್ದವರು ಅಪಶಕುನ ಅಂತ ಬೆದರಿದರು, ರಾಜ ಮಾತ್ರ ಕ್ಯಾರೇ ಅನ್ನಲಿಲ್ಲ ಅಂತ ಇಂಗ್ಲೆಂಡಿನ ಪಾದ್ರಿಯೊಬ್ಬ ಬರೆದಿಟ್ಟಿದ್ದಾನೆ. ಮಳೆಯ ಮಾತು ಬಿಡಿ. ದೇವದೂತನೇ ಇಳಿದು ಬಂದು ನಿಲ್ಲಿಸು ಅಂದಿದ್ದರೂ ಇವನು ನಿಲ್ಲಿಸುತ್ತಿರಲಿಲ್ಲ ಅನ್ನುವುದು ಅದೇ ಪಾದ್ರಿಯ ಅನಿಸಿಕೆ.

ಗುಡ್ಡ, ಅಗಳು, ಗೋಡೆ

ಮೊದಲು ಜಾಗ ಅರ್ಥ ಮಾಡಿಕೊಳ್ಳಬೇಕು. ಗುಡ್ಡದ ಸುತ್ತ ಕಡಿದಾದ ಇಳಿಜಾರು. ಆಗ್ನೇಯಕ್ಕೆ ಮಾತ್ರ ಒಂದು ಕಿರಿದಾದ ದಿಣ್ಣೆ ಹಿಂದಿನ ಎತ್ತರದ ಬಯಲಿಗೆ ಸೇರಿಕೊಳ್ಳುತ್ತದೆ. ಶತ್ರು ಬರುವುದಾದರೆ ಅಲ್ಲಿಂದಲೇ ಬರಬೇಕು. ಆದ್ದರಿಂದ ಇಡೀ ಕೋಟೆ ಆ ಒಂದು ದಿಕ್ಕಿಗೆ ಮುಖ ಮಾಡಿ ಉದ್ದಕ್ಕೆ ಮಲಗಿದೆ.

ಮೊದಲು ಹೊರ ಆವರಣ. ಹಡಗಿನ ಮೂತಿಯ ಹಾಗೆ ಚೂಪಾಗಿದೆ. ಐದು ಬುರುಜು. ತುದಿಯ ಬುರುಜು ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಮೊದಲ ಏಟು ಅದಕ್ಕೇ. ಅದರ ಹಿಂದೆ ಬಂಡೆಯಲ್ಲೇ ಕಡಿದ ಆಳವಾದ ಅಗಳು. ಅಗಳು ದಾಟಿದರೆ ನಡು ಆವರಣ. ಅದರೊಳಗೆ ಇನ್ನೊಂದು ಅಗಳು. ಅದರಾಚೆ ಒಳ ಆವರಣ. ಅದರ ಮೂಲೆಯಲ್ಲಿ, ನದಿಯ ಕಡೆಯ ಕಡಿದಾದ ಅಂಚಿಗೆ ಒತ್ತಿಕೊಂಡು ಮುಖ್ಯ ಗೋಪುರ.

ಒಳ ಆವರಣದ ಗೋಡೆಯ ಹತ್ತಿರ ಸ್ವಲ್ಪ ನಿಲ್ಲೋಣ. ಮಾಮೂಲಿ ಕೋಟೆಯಲ್ಲಿ ನೇರ ಗೋಡೆ ಇರುತ್ತದೆ, ಅಲ್ಲಲ್ಲಿ ಬುರುಜು ಇರುತ್ತದೆ. ಇಲ್ಲಿ ಗೋಡೆಯೇ ಸಾಲು ಬುರುಜು. ದೊಡ್ಡ ದೊಡ್ಡ ದುಂಡು ದಿಮ್ಮಿಗಳನ್ನು ಪಕ್ಕ ಪಕ್ಕ ಒತ್ತಿ ನಿಲ್ಲಿಸಿದ ಬೇಲಿಯ ಹಾಗೆ ಕಾಣುತ್ತದೆ. ಅರ್ಧ ದುಂಡನೆಯ ಉಬ್ಬು, ಸಣ್ಣ ಸಂದು, ಮತ್ತೆ ಉಬ್ಬು. ಹೀಗೆ ಹದಿನೈದಕ್ಕೂ ಜಾಸ್ತಿ ಉಬ್ಬುಗಳು. ಇದು ಅಂದಕ್ಕೆ ಮಾಡಿದ್ದಲ್ಲ. ಕವಣೆ ಯಂತ್ರದಿಂದ ಬಂದ ಕಲ್ಲು ನೇರ ಗೋಡೆಗೆ ಅಪ್ಪಳಿಸಿದರೆ ಪೂರ್ತಿ ಏಟು ಗೋಡೆಗೆ. ದುಂಡಗಿನ ಮೈಗೆ ಬಡಿದರೆ ಕಲ್ಲು ಓರೆಯಾಗಿ ಜಾರುತ್ತದೆ. ಇನ್ನೊಂದು ಲಾಭವೂ ಇದೆ. ನೇರ ಗೋಡೆಯ ಬುಡಕ್ಕೆ ಬಂದು ಅಂಟಿಕೊಂಡ ಶತ್ರು ಮೇಲಿದ್ದವನಿಗೆ ಕಾಣುವುದಿಲ್ಲ. ಇಲ್ಲಿ ಒಂದು ಉಬ್ಬಿನ ಬುಡದಲ್ಲಿ ನಿಂತವನು ಪಕ್ಕದ ಉಬ್ಬಿನ ಬಿಲ್ಲುಗಾರನ ಕಣ್ಣಿಗೆ ಬಿದ್ದೇ ಬೀಳುತ್ತಾನೆ. ಇಂಥ ಗೋಡೆ ಆ ಕಾಲಕ್ಕೆ ತೀರಾ ಅಪರೂಪ.

ಮುಖ್ಯ ಗೋಪುರದ್ದು ಇನ್ನೊಂದು ಕಥೆ. ಅದು ದುಂಡಗಿದೆ. ಆದರೆ ಶತ್ರು ಬರುವ ಕಡೆಗೆ ಹಕ್ಕಿಯ ಕೊಕ್ಕಿನ ಹಾಗೆ ಚೂಪಾಗಿ ಮುಂದೆ ಚಾಚಿದೆ. ಅದೇ ಕಲ್ಲು ಜಾರಿಸುವ ಉಪಾಯ. ಹೊರಮೈಯಲ್ಲಿ ಆಸರೆ ಕಂಬಗಳಿವೆ. ಕೆಳಗೆ ಸಣ್ಣದಾಗಿ ಶುರುವಾಗಿ ಮೇಲೆ ಹೋದಂತೆ ಅಗಲವಾಗುತ್ತವೆ, ತಲೆಕೆಳಗಾದ ಗೋಪುರದ ಹಾಗೆ. ಅವುಗಳ ಮೇಲೆ ಕಮಾನು ಕೂಡಿಸಿ, ಗೋಡೆಗೂ ಕಮಾನಿಗೂ ನಡುವೆ ಸಂದು ಬಿಟ್ಟಿದ್ದರು. ಬುಡಕ್ಕೆ ಬಂದವರ ನೆತ್ತಿಯ ಮೇಲೆ ನೇರವಾಗಿ ಕಲ್ಲು ಹಾಕಲು ಅದು. ಅದಕ್ಕೂ ಮೊದಲು ಈ ಕೆಲಸಕ್ಕೆ ಮರದ ಅಟ್ಟ ಕಟ್ಟುತ್ತಿದ್ದರು, ಶತ್ರು ಅದಕ್ಕೆ ಬೆಂಕಿ ಇಡುತ್ತಿದ್ದ. ಕಲ್ಲಿನಲ್ಲೇ ಮಾಡಿದ್ದರಲ್ಲಿ ಪಶ್ಚಿಮ ಯುರೋಪಿನ ಮೊದಮೊದಲ ಉದಾಹರಣೆಗಳಲ್ಲಿ ಇದು ಒಂದು. ರಿಚರ್ಡ್ ಇದನ್ನೆಲ್ಲ ಧರ್ಮಯುದ್ಧಕ್ಕೆ ಹೋದಾಗ ಪೂರ್ವ ದೇಶಗಳ ಕೋಟೆಗಳನ್ನು ನೋಡಿ ಕಲಿತನೋ ಇಲ್ಲವೋ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ.

ಗುಡ್ಡದ ಮೇಲಿನದ್ದು ಅರ್ಧ ಮಾತ್ರ. ನದಿಯ ನಡುವಿನ ದ್ವೀಪದಲ್ಲಿ ಒಂದು ಚಿಕ್ಕ ಕೋಟೆ. ಕೆಳಗೆ ದಡದಲ್ಲಿ ಗೋಡೆ ಸುತ್ತಿದ ಹೊಸ ಊರು, ಪೆತಿ ಆಂದ್ಲಿ. ಎರಡನ್ನೂ ಸೇರಿಸುವ ಸೇತುವೆ. ದೋಣಿ ಬರದಂತೆ ನದಿಗೆ ಅಡ್ಡಲಾಗಿ ಮೂರು ಸಾಲು ಮರದ ಗೂಟ. ಇವೆಲ್ಲ ಸೇರಿದರೆ ಮಾತ್ರ ಬಾಗಿಲು ಮುಚ್ಚಿದ ಹಾಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೋಡೆ ಕಬ್ಬಿಣದ್ದಾದರೂ ಹಿಡಿಯುತ್ತೇನೆ ಅಂತ ಫಿಲಿಪ್ ಅಂದನಂತೆ. ಗೋಡೆ ಬೆಣ್ಣೆಯದಾದರೂ ಉಳಿಸಿಕೊಳ್ಳುತ್ತೇನೆ ಅಂತ ರಿಚರ್ಡ್ ಉತ್ತರ ಕೊಟ್ಟನಂತೆ. ನಿಜವಾಗಿ ಹೀಗೆ ಅಂದರೋ ಇಲ್ಲವೋ, ರಿಚರ್ಡ್‌ನ ಮಾತಿನಲ್ಲಿ ಒಂದು ಅರ್ಥ ಅಡಗಿದೆ: ಕಾಯುವುದು ಗೋಡೆಯಲ್ಲ, ನಾನು. 1199ರ ಏಪ್ರಿಲ್ 6ರಂದು ಆ 'ನಾನು' ಹೋಗಿಬಿಟ್ಟ. ದಕ್ಷಿಣದ ಶಾಲೂ ಅನ್ನುವ ಸಣ್ಣ ಕೋಟೆಯ ಮುಂದೆ ತಾಗಿದ ಬಾಣದ ಗಾಯ ಕೊಳೆತು ಸತ್ತ. ತಮ್ಮ ಜಾನ್ ರಾಜನಾದ.

ಮುತ್ತಿಗೆ

1203ರ ಬೇಸಿಗೆಯ ಕೊನೆಗೆ ಫಿಲಿಪ್ ಬಂದ. ಕೋಟೆಯ ಕಿಲ್ಲೇದಾರ ರೋಜರ್ ಡ ಲೇಸಿ, ಗಟ್ಟಿ ಮನುಷ್ಯ. ಫಿಲಿಪ್ ಗುಡ್ಡದ ತಂಟೆಗೆ ಹೋಗಲಿಲ್ಲ. ಮೊದಲು ನದಿಗೆ ಕೈ ಹಾಕಿದ. ಈಜುಗಾರರು ಬಾಣದ ಮಳೆಯ ನಡುವೆ ಗೂಟಗಳನ್ನು ಕಡಿದರು. ದೋಣಿ ಜೋಡಿಸಿ ತೇಲು ಸೇತುವೆ ಕಟ್ಟಿದರು. ದ್ವೀಪದ ಕೋಟೆ ಒಂಟಿಯಾಯಿತು.

ಜಾನ್ ಒಂದು ಪ್ರಯತ್ನ ಮಾಡಿದ. ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ಅವನ ಸೇನಾನಿ ವಿಲಿಯಂ ಮಾರ್ಷಲ್ ರಾತ್ರಿ ಹೊತ್ತು ನೆಲದ ದಾರಿಯಿಂದ ಫ್ರೆಂಚರ ಬಿಡಾರದ ಮೇಲೆ ಬೀಳಬೇಕು. ಅದೇ ಗಳಿಗೆಗೆ ದೋಣಿಗಳು ನದಿಯಲ್ಲಿ ಬಂದು ಸೇತುವೆ ಮುರಿಯಬೇಕು. ಮಾರ್ಷಲ್ ಹೊತ್ತಿಗೆ ಸರಿಯಾಗಿ ಬಂದ. ದೋಣಿಗಳು ಹೊಳೆಯ ಸೆಳೆತಕ್ಕೆ ಎದುರಾಗಿ ಹುಟ್ಟು ಹಾಕುತ್ತಾ ತಡವಾಗಿ ಬಂದವು. ಅಷ್ಟು ಹೊತ್ತಿಗೆ ಫ್ರೆಂಚರು ಮಾರ್ಷಲ್‌ನನ್ನು ಓಡಿಸಿ, ಸೇತುವೆಯ ಮೇಲೆ ಸಾಲುಗಟ್ಟಿ ಕಾಯುತ್ತಿದ್ದರು. ಬೆಳಗಿನ ಬೆಳಕಿನಲ್ಲಿ ದೋಣಿಗಳೂ ಸೋತವು. ಆಮೇಲೆ ಮಾಂತ್ ಊರಿನ ಗೋಬೇರ್ ಅನ್ನುವ ಈಜುಗಾರ ಮುಚ್ಚಿದ ಮಡಕೆಯಲ್ಲಿ ಕೆಂಡ ಇಟ್ಟುಕೊಂಡು, ಹಗ್ಗದಲ್ಲಿ ಎಳೆಯುತ್ತಾ ದ್ವೀಪಕ್ಕೆ ಈಜಿ ಮರದ ಬೇಲಿಗೆ ಬೆಂಕಿ ಇಟ್ಟ. ದ್ವೀಪ ಹೋಯಿತು. ಪೆತಿ ಆಂದ್ಲಿಯ ಜನ ಮಕ್ಕಳುಮರಿ ಕಟ್ಟಿಕೊಂಡು ಗುಡ್ಡ ಹತ್ತಿದರು. ರೋಜರ್ ಬಾಗಿಲು ತೆಗೆದ.

ನನ್ನ ಪ್ರಕಾರ ಕೋಟೆಯ ಹಣೆಬರಹ ಅರ್ಧ ನಿರ್ಧಾರವಾದದ್ದು ಇಲ್ಲೇ. ಸೈನಿಕರಿಗೆ ಒಂದು ವರ್ಷಕ್ಕೆ ಆಗಬಹುದಾದ ದಾಸ್ತಾನಿಗೆ ಈಗ ಸಾವಿರಕ್ಕೂ ಜಾಸ್ತಿ ಹೊಸ ಬಾಯಿ. ಫಿಲಿಪ್ ಗುಡ್ಡದ ಸುತ್ತ ಎರಡು ಸಾಲು ಅಗಳು ತೋಡಿಸಿ, ನಡುವೆ ಮರದ ಗೋಪುರ ನಿಲ್ಲಿಸಿ, ಚಳಿಗಾಲ ಕಳೆಯಲು ಕೂತ. ರೋಜರ್ ಕೈಲಾಗದವರನ್ನು ಗುಂಪು ಗುಂಪಾಗಿ ಹೊರಗೆ ಕಳಿಸಿದ. ಮೊದಲ ಎರಡು ಗುಂಪನ್ನು ಫ್ರೆಂಚ್ ಸೈನಿಕರು ಕನಿಕರದಿಂದ ದಾಟಲು ಬಿಟ್ಟರು. ಫಿಲಿಪ್‌ಗೆ ಇದು ಗೊತ್ತಾಯಿತು, ಇನ್ನು ಬಿಡಬೇಡಿ ಅಂದ. ಮುಂದಿನ ಗುಂಪು ಹೊರಬಂದಾಗ ಎದುರಿನಿಂದ ಬಾಣ. ತಿರುಗಿ ಬಂದರೆ ಕೋಟೆಯ ಬಾಗಿಲು ಹಾಕಿತ್ತು.

ನೂರಾರು ಜನ, ಹೆಂಗಸರು, ಮುದುಕರು, ಮಕ್ಕಳು, ಗೋಡೆಗೂ ಶತ್ರುವಿಗೂ ನಡುವಿನ ಇಳಿಜಾರಿನಲ್ಲಿ ಚಳಿಗಾಲ ಕಳೆದರು. ಹುಲ್ಲು ತಿಂದರು. ಕೋಟೆಯವರು ಹೊರಗೆ ಅಟ್ಟಿದ ನಾಯಿಗಳನ್ನು ತಿಂದರು. ಅಲ್ಲೇ ಒಬ್ಬಳಿಗೆ ಹೆರಿಗೆ ಆಯಿತು. ಇದನ್ನೆಲ್ಲ ಬರೆದವನು ಫಿಲಿಪ್‌ನ ಜೊತೆಗೇ ಇದ್ದ ಪಾದ್ರಿ ಗಿಯೋಮ್ ಲ ಬ್ರೆತೊಂ. ರಾಜನ ಅನ್ನ ಉಂಡವನು, ರಾಜನನ್ನು ಹೊಗಳಲೆಂದೇ ಬರೆದವನು. ಅವನೇ ಇಷ್ಟು ಬರೆದಿದ್ದಾನೆ ಅಂದರೆ ಬಿಟ್ಟದ್ದು ಎಷ್ಟೋ. ಫೆಬ್ರವರಿಯಲ್ಲಿ ಫಿಲಿಪ್ ಬಿಡಾರಕ್ಕೆ ಬಂದಾಗ ಸೇತುವೆಯ ಮೇಲೆ ಇವರ ಕೂಗು ಕೇಳಿಸಿತು. ಊಟ ಕೊಟ್ಟು ಬಿಟ್ಟುಬಿಡಿ ಅಂದ. ಹಸಿದ ಹೊಟ್ಟೆಗೆ ಒಮ್ಮೆಲೇ ಅನ್ನ ಬಿದ್ದು ಹಲವರು ತಿನ್ನುತ್ತಲೇ ಸತ್ತರು.

ಜಾನ್ ಎಲ್ಲಿದ್ದ? ಡಿಸೆಂಬರ್‌ನಲ್ಲೇ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿದ್ದ.

ಗೋಡೆಗಳು ಒಂದೊಂದಾಗಿ

ಹೊರ ಆವರಣವನ್ನು ಬೀಳಿಸಿದ್ದು ಗೋಡೆಯ ಬುಡ ಕೊರೆಯುವ ಸುರಂಗದವರು. ಅಗಳನ್ನು ಮಣ್ಣು, ಮರ ಹಾಕಿ ತುಂಬಿಸಲು ಶುರು ಮಾಡಿದರು. ಪೂರ್ತಿ ತುಂಬುವ ತನಕ ತಾಳ್ಮೆ ಇರಲಿಲ್ಲ. ಏಣಿ ಹಿಡಿದು ಅಗಳಿಗೆ ಇಳಿದರು. ಆಚೆ ಹತ್ತಲು ಏಣಿ ಗಿಡ್ಡವಾಯಿತು. ಬಂಡೆ ಮೆತ್ತನೆಯ ಸುಣ್ಣಕಲ್ಲು ತಾನೆ? ಕತ್ತಿ, ಚೂರಿಗಳನ್ನು ಅದಕ್ಕೆ ಚುಚ್ಚಿ, ಮೆಟ್ಟಿಲು ಮಾಡಿಕೊಂಡು ಹತ್ತಿದರು. ದೊಡ್ಡ ಬುರುಜಿನ ಬುಡ ಸೇರಿ, ತಲೆಯ ಮೇಲೆ ಗುರಾಣಿ ಹಿಡಿದು, ತಳಪಾಯ ಕೊರೆದರು. ಕೊರೆದ ಜಾಗಕ್ಕೆ ಮರದ ಕಂಬ ಆನಿಸಿದರು. ಸಾಕಷ್ಟು ಕೊರೆದ ಮೇಲೆ ಕಂಬಗಳಿಗೆ ಬೆಂಕಿ ಇಟ್ಟು ಹೊರಗೆ ಓಡಿದರು. ಕಂಬ ಸುಟ್ಟಿತು, ಬುರುಜು ಕುಸಿಯಿತು. ರಿಚರ್ಡ್‌ನ ಕೆಲಸದವರು ಎರಡೇ ವರ್ಷದಲ್ಲಿ ಅಗಳು ಕಡಿದು ಮುಗಿಸಲು ಆದದ್ದು ಬಂಡೆ ಮೆತ್ತಗಿದ್ದುದರಿಂದ. ಫ್ರೆಂಚರಿಗೆ ಕೆಲಸ ಸುಲಭವಾದದ್ದೂ ಅದರಿಂದಲೇ.

ನಡು ಆವರಣ ಹೋದ ಕಥೆ ಎಲ್ಲರಿಗೂ ಇಷ್ಟ. ಅಲ್ಲಿ ಗೋಡೆಗೆ ಆನಿಸಿಕೊಂಡು ಜಾನ್ ಒಂದು ಹೊಸ ಕಟ್ಟಡ ಕಟ್ಟಿಸಿದ್ದ. ಅದರಲ್ಲಿ ಪ್ರಾರ್ಥನೆಯ ಕೋಣೆ ಇತ್ತು, ಕಕ್ಕಸೂ ಇತ್ತು. ಬೋಗಿ ಅಂತ ಅಡ್ಡಹೆಸರಿನ ಒಬ್ಬ ಫ್ರೆಂಚ್ ಸೈನಿಕ ಗೋಡೆ ಸುತ್ತುತ್ತಾ ಒಂದು ಕಿಂಡಿ ನೋಡಿದ. ಪ್ರಾರ್ಥನೆಯ ಕೋಣೆಯ ಕಿಟಕಿ ಅಂತ ಕೆಲವರು ಹೇಳುತ್ತಾರೆ, ಕಕ್ಕಸಿನ ಕಂಡಿ ಅಂತ ಇನ್ನು ಕೆಲವರು. ಎರಡೂ ಆ ಕಟ್ಟಡದ್ದೇ. ಗೆಳೆಯನ ಹೆಗಲ ಮೇಲೆ ನಿಂತು ಒಳಗೆ ತೂರಿದ. ಹಗ್ಗ ಬಿಟ್ಟು ಉಳಿದವರನ್ನು ಎಳೆದುಕೊಂಡ. ಒಳಗೆ ಹತ್ತಾರು ಜನ ಸೇರಿ ಬಾಗಿಲು ಬಡಿದು ಗದ್ದಲ ಎಬ್ಬಿಸಿದರು. ಕೋಟೆಯವರು ದೊಡ್ಡ ಪಡೆಯೇ ನುಗ್ಗಿತು ಅಂದುಕೊಂಡು ಕಟ್ಟಡಕ್ಕೆ ಬೆಂಕಿ ಇಟ್ಟರು. ಗಾಳಿ ತಿರುಗಿತು. ಹೊಗೆ ಅವರ ಮುಖಕ್ಕೇ ಬಂತು. ಉಸಿರುಗಟ್ಟಿ ಒಳ ಆವರಣಕ್ಕೆ ಓಡಿದರು. ಬೋಗಿಯ ಕಡೆಯವರು ಕೆಳಗಿನ ಕಮಾನಿನಡಿ ಅಡಗಿ ಬದುಕಿಕೊಂಡು, ಸೇತುವೆ ಇಳಿಸಿದರು.

ಕಥೆಯಲ್ಲಿ ಮಜಾ ಇದೆ. ಆದರೆ ತಪ್ಪನ್ನೆಲ್ಲ ಕಕ್ಕಸಿನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಅದು ಇರದಿದ್ದರೂ ಸುರಂಗದವರು ಇದ್ದೇ ಇದ್ದರು. ಹೆಚ್ಚೆಂದರೆ ಇನ್ನೊಂದಿಷ್ಟು ದಿನ ತಡೆಯುತ್ತಿತ್ತು.

ಅದಕ್ಕಿಂತ ಗಮನಿಸಬೇಕಾದದ್ದು ಒಳ ಆವರಣ. ಆ ಉಬ್ಬುಗಳ ಗೋಡೆಯ ಮುಂದಿನ ಅಗಳಿಗೆ ಎತ್ತುವ ಸೇತುವೆ ಹಾಕಿರಲಿಲ್ಲ. ಅಗಳು ಕಡಿಯುವಾಗ ಬಾಗಿಲಿನ ಮುಂದೆ ಬಂಡೆಯನ್ನೇ ಹಾಗೇ ಬಿಟ್ಟು, ಅದನ್ನೇ ಸೇತುವೆ ಮಾಡಿದ್ದರು. ಗಟ್ಟಿ, ಖರ್ಚಿಲ್ಲ, ಆದರೆ ಎತ್ತಲು ಬರುವುದಿಲ್ಲ. ಕೊರೆಯುವವರಿಗೆ ಅದೇ ಚಪ್ಪರವಾಯಿತು. ಅದರ ಮರೆಯಲ್ಲಿ ಕೂತು ಗೋಡೆಯ ಬುಡ ಕೊರೆದರು. ಪ್ರತಿ ಉಬ್ಬೂ ಪಕ್ಕದ ಉಬ್ಬನ್ನು ಕಾಯುವಂತೆ ಲೆಕ್ಕ ಹಾಕಿದವನಿಗೆ, ತಾನೇ ಬಿಟ್ಟ ಬಂಡೆಯ ಕೆಳಗೆ ಯಾರಿಗೂ ಕಾಣದ ಜಾಗ ಉಳಿದದ್ದು ಹೊಳೆಯಲಿಲ್ಲ. ಒಳಗಿನವರು ಎದುರು ಸುರಂಗ ತೋಡಿ ಇವರನ್ನು ಓಡಿಸಿದರು. ಈಗ ಗೋಡೆಯ ಬುಡಕ್ಕೆ ಎರಡು ಕಡೆಯಿಂದ ತೂತು. ಫಿಲಿಪ್ ಒಂದು ಭಾರಿ ಕವಣೆ ಯಂತ್ರ ತರಿಸಿ ಅಲ್ಲಿಗೇ ಕಲ್ಲು ಹೊಡೆಸಿದ. ಟೊಳ್ಳಾದ ಗೋಡೆ ಬಿರಿಯಿತು. ಉಬ್ಬುಗಳು ಕಲ್ಲನ್ನು ಜಾರಿಸುತ್ತವೆ ನಿಜ. ಆದರೆ ಕೆಳಗೆ ನೆಲವೇ ಇಲ್ಲದಿದ್ದರೆ ಜಾರಿಸಿ ಏನು ಮಾಡುವುದು?

ಮುಖ್ಯ ಗೋಪುರಕ್ಕೆ ಯಾಕೆ ಓಡಲಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅನಿಸುತ್ತದೆ. ಗೋಪುರ ಇರುವುದು ಸಹಾಯ ಬರುವ ತನಕ ಕಾಯಲು. ಆರು ತಿಂಗಳಿಂದ ಯಾರೂ ಬಂದಿರಲಿಲ್ಲ.

ಈ ಕೋಟೆಯ ನಕ್ಷೆಯನ್ನು ದೂರುವವರಿದ್ದಾರೆ. ಆವರಣಗಳು ಒಂದರ ಹಿಂದೆ ಒಂದು ಸಾಲಾಗಿವೆ, ಹಾಗಾಗಿ ಶತ್ರು ಒಂದೊಂದನ್ನೇ ಹಿಡಿಯುತ್ತಾ ಬಂದ ಅಂತ. ಅದು ನಿಜ. ಆದರೆ ಗುಡ್ಡದ ಆಕಾರವೇ ಹಾಗಿದೆ, ಬೇರೆ ದಾರಿ ಇರಲಿಲ್ಲ. ರಿಚರ್ಡ್ ಕಟ್ಟಿದ್ದು ಒಂದು ಸರಪಳಿ. ಗುಡ್ಡ, ದ್ವೀಪ, ಗೂಟ, ಊರು, ಮತ್ತು ಕರೆದರೆ ಎರಡು ದಿನದಲ್ಲಿ ಬಂದು ಬೀಳುವ ರಾಜನ ಪಡೆ. ಕೊನೆಯ ಕೊಂಡಿ ಕಳಚಿದ ಮೇಲೆ ಉಳಿದದ್ದೆಲ್ಲ ದಿನ ಎಣಿಸುವ ಕೆಲಸ. ಅಷ್ಟಿದ್ದೂ ಆರು ತಿಂಗಳು ತಡೆದದ್ದು ಕಡಿಮೆ ಸಾಧನೆ ಅಲ್ಲ. ಫಿಲಿಪ್‌ಗೂ ಹಾಗೇ ಅನಿಸಿರಬೇಕು, ರೋಜರ್‌ನನ್ನು ಸೆರೆಯಲ್ಲೂ ಮರ್ಯಾದೆಯಿಂದ ನಡೆಸಿಕೊಂಡ. ಜೂನ್ 24ಕ್ಕೆ ರುವಾಂ ಶರಣಾಯಿತು. ನಾರ್ಮಂಡಿ ಫ್ರಾನ್ಸಿನ ಪಾಲಾಯಿತು.

ಆಮೇಲೆ

1314ರಲ್ಲಿ ಫ್ರಾನ್ಸಿನ ಇಬ್ಬರು ರಾಜಕುಮಾರರ ಹೆಂಡಂದಿರಾದ ಮಾರ್ಗರೆಟ್ ಮತ್ತು ಬ್ಲಾಂಶ್ ಮೇಲೆ ಹಾದರದ ಆರೋಪ ಹೊರಿಸಿ ಇಲ್ಲಿ ಕೂಡಿಹಾಕಿದರು. ಮಾರ್ಗರೆಟ್ ಮರು ವರ್ಷವೇ ಇಲ್ಲೇ ಸತ್ತಳು. 1334ರಿಂದ ಕೆಲವು ವರ್ಷ ಸ್ಕಾಟ್ಲೆಂಡಿನ ಹುಡುಗ ರಾಜ ಎರಡನೇ ಡೇವಿಡ್ ಇಲ್ಲಿ ಆಶ್ರಯ ಪಡೆದ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡೆದ ನೂರು ವರ್ಷದ ಯುದ್ಧದಲ್ಲಿ ಕೋಟೆ ಆಚೆ ಈಚೆ ಕೈ ಬದಲಾಯಿಸಿತು. 1419ರಲ್ಲಿ ಇಂಗ್ಲಿಷರು ಮುತ್ತಿಗೆ ಹಾಕಿದಾಗ ಫ್ರೆಂಚ್ ಕಾವಲಿನವರು ತಿಂಗಳುಗಟ್ಟಲೆ ತಡೆದರು. ಕೊನೆಗೆ ಶರಣಾಗಿದ್ದಕ್ಕೆ ಅಂದಿನ ಬರಹಗಾರನೊಬ್ಬ ಕೊಟ್ಟ ಕಾರಣ: ಬಾವಿಯಿಂದ ನೀರು ಸೇದುವ ಹಗ್ಗಗಳು ಸವೆದು ಹರಿದುಹೋದವು. ಬಾವಿಯಲ್ಲಿ ನೀರಿತ್ತು.

1599ರಲ್ಲಿ ಫ್ರಾನ್ಸಿನ ರಾಜ ನಾಲ್ಕನೇ ಹೆನ್ರಿ ಕೋಟೆಯನ್ನು ಕೆಡವಲು ಹೇಳಿದ. ಹತ್ತಿರದ ಮಠಗಳ ಸನ್ಯಾಸಿಗಳು ತಮ್ಮ ಕಟ್ಟಡ ರಿಪೇರಿಗೆ ಕಲ್ಲು ಕೇಳಿದರು, ಸಿಕ್ಕಿತು. ಗಾಡಿ ಗಾಡಿ ಕಲ್ಲು ಇಳಿದು ಹೋಯಿತು. 1862ರಲ್ಲಿ ಸರ್ಕಾರ ಇದನ್ನು ರಕ್ಷಿತ ಸ್ಮಾರಕ ಅಂತ ಘೋಷಿಸಿತು. ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇವತ್ತು ಪೆತಿ ಆಂದ್ಲಿಯಿಂದ ಕಡಿದಾದ ಕಾಲುದಾರಿಯಲ್ಲಿ ಹತ್ತಿದರೆ ಮುರಿದ ಗೋಡೆಗಳ ನಡುವೆ ಮುಖ್ಯ ಗೋಪುರ ಕಾಣುತ್ತದೆ. ಮೇಲ್ತುದಿ ಇಲ್ಲ, ಕಲ್ಲು ಸುರಿಸುವ ಕಮಾನುಗಳೂ ಇಲ್ಲ. ಕೊಕ್ಕು ಮಾತ್ರ ಈಗಲೂ ಆಗ್ನೇಯದ ದಿಣ್ಣೆಯ ಕಡೆಗೇ ಚಾಚಿಕೊಂಡಿದೆ.